ಎಲೆಕ್ಟ್ರಿಕ್ ಬೈಕ್‌ನಲ್ಲಿ ಆಫ್‌ರೋಡ್ ಸವಾರಿ: ಎರೆಮಣ್ಣು, ಬಿಸಿಲು, ಕಾಡಿನ ಹಾದಿಗೆ ಇಳಿಯುವ ಮುನ್ನ ಇವಿಷ್ಟು ತಿಳಿದಿರಲಿ

ನಾಗ್ಪುರ: ಗೇರ್ ಇಲ್ಲ, ಕ್ಲಚ್ ಇಲ್ಲ, ಎಂಜಿನ್ ಸದ್ದಿಲ್ಲ. ಥ್ರಾಟಲ್ ತಿರುವಿದ ಕ್ಷಣವೇ ಬೈಕ್ ಮುಂದಕ್ಕೆ ಚಿಮ್ಮುತ್ತದೆ. ಶಕ್ತಿಶಾಲಿ ಎಲೆಕ್ಟ್ರಿಕ್ ಬೈಕ್‌ಗಳನ್ನು ಯುವಜನ ಇಷ್ಟಪಡಲು ಇದೇ ಮುಖ್ಯ ಕಾರಣ. ಆದರೆ ಡಾಂಬರು ರಸ್ತೆ ಮುಗಿದು ಜಲ್ಲಿ, ಕೆಸರು, ಬಂಡೆಗಳ ಹಾದಿ ಶುರುವಾದರೆ ಇದೇ ಗುಣಗಳು ಸವಾರನನ್ನು ಅಪಾಯಕ್ಕೆ ದೂಡಬಹುದು. ಇಂಥ ಹಾದಿಯಲ್ಲಿ ಬೈಕ್‌ಗೆ ಬಲ ಸಾಲದೆ ಬರುವ ತೊಂದರೆ ಕಡಿಮೆ, ಇರುವ ಬಲವನ್ನು ಹಿಡಿತದಲ್ಲಿ ಇಡಲಾಗದೆ ಬರುವ ತೊಂದರೆಯೇ ಹೆಚ್ಚು. ಬೈಕ್ ಹೇಗೆ ವರ್ತಿಸುತ್ತದೆ, ಬ್ಯಾಟರಿ ಎಲ್ಲಿ ಖಾಲಿಯಾಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬ ಸಂಪೂರ್ಣ ಮಾಹಿತಿ ಇಲ್ಲಿದೆ.

ನಾಗ್ಪುರವೇ ಏಕೆ ಉದಾಹರಣೆ?

ಎಲೆಕ್ಟ್ರಿಕ್ ಬೈಕ್‌ಗೆ ಕಷ್ಟವಾಗುವ ಸಂಗತಿಗಳೆಲ್ಲ ಒಂದೇ ಕಡೆ ಸಿಗುವ ಊರು ನಾಗ್ಪುರ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. 2013ರ ಮೇ ತಿಂಗಳಲ್ಲಿ ಇದು 47.9 ಡಿಗ್ರಿಗೆ ಏರಿತ್ತು. ಮಳೆಗಾಲದಲ್ಲಿ ವಿದರ್ಭದ ಎರೆಮಣ್ಣು ಅಂಟಿನಂತೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಸುತ್ತಮುತ್ತ ಪೆಂಚ್, ಬೋರ್, ತಾಡೋಬಾ ಹುಲಿ ಸಂರಕ್ಷಿತ ಪ್ರದೇಶಗಳೂ ಉಮ್ರೇಡ್–ಪವನಿ–ಕರ್ಹಾಂಡ್ಲಾ ಅಭಯಾರಣ್ಯವೂ ಇವೆ. ಹೀಗಾಗಿ ಊರಾಚೆಯ ಮಣ್ಣಿನ ಹಾದಿ ಎಲ್ಲಿ ಕಾಡಿನ ಗಡಿ ಸೇರುತ್ತದೆ ಎಂಬ ಎಚ್ಚರ ಸದಾ ಇರಬೇಕು.

ಕನ್ನಡಿಗರಿಗೆ ಈ ಪರಿಸರ ಹೊಸದಲ್ಲ. ನಾಗ್ಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ದಕ್ಷಿಣಕ್ಕೆ ಬೆಂಗಳೂರನ್ನೂ ಮುಟ್ಟುತ್ತದೆ. ವಿಜಯಪುರ, ಕಲಬುರಗಿ, ಗದಗ, ಧಾರವಾಡದ ಎರೆಹೊಲಗಳಲ್ಲಿ ಇದೇ ಮಣ್ಣು ಇದೆ. ಕಲಬುರಗಿ, ರಾಯಚೂರಿನ ಬಿಸಿಲು ನಾಗ್ಪುರದ ಬಿಸಿಲಿಗೆ ಹತ್ತಿರದ ನೆಂಟ. ಬಂಡೀಪುರ, ನಾಗರಹೊಳೆ, ಭದ್ರಾ ಸುತ್ತ ಕಾಡಿನ ಪ್ರಶ್ನೆಯೂ ಇದೆ. ಆದ್ದರಿಂದ ನಾಗ್ಪುರಕ್ಕೆ ಹೇಳುವ ಮಾತು ನಮ್ಮಲ್ಲಿಗೂ ಅನ್ವಯವಾಗುತ್ತದೆ.

ಬೆಂಗಳೂರಿನ ಬೈಕ್‌ಗಳು ಹೇಳುವ ಬಲದ ಲೆಕ್ಕ

ಭಾರತದಲ್ಲಿ ಈ ವರ್ಗದ ಬೈಕ್‌ಗಳ ಮಾತು ಬಂದರೆ ಮೊದಲು ಕೇಳಿಬರುವ ಹೆಸರುಗಳಲ್ಲಿ ಬೆಂಗಳೂರಿನ ಅಲ್ಟ್ರಾವಯಲೆಟ್ ಒಂದು. ಎಫ್77 ಬೈಕ್ ಮೂಲಕ ಗಮನ ಸೆಳೆದ ಈ ಕಂಪನಿ 2025ರ ಮಾರ್ಚ್‌ನಲ್ಲಿ ಶಾಕ್‌ವೇವ್ ಎಂಬ ಹಗುರ ಆಫ್‌ರೋಡ್ ಬೈಕ್ ಅನಾವರಣಗೊಳಿಸಿತು. ಕಂಪನಿ ಹೇಳಿದಂತೆ ಇದರ ತೂಕ 120 ಕೆ.ಜಿ, ಶಕ್ತಿ 14.5 ಅಶ್ವಶಕ್ತಿ, ಬ್ಯಾಟರಿ 4 ಕಿಲೋವ್ಯಾಟ್ ಅವರ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಎಕ್ಸ್47 ಕ್ರಾಸ್‌ಓವರ್ 40 ಅಶ್ವಶಕ್ತಿಯದು. 7.1 ಮತ್ತು 10.3 ಕಿಲೋವ್ಯಾಟ್ ಅವರ್ ಬ್ಯಾಟರಿಗಳ ಆಯ್ಕೆ ಇದೆ. ಗ್ರೌಂಡ್ ಕ್ಲಿಯರೆನ್ಸ್ 200 ಮಿ.ಮೀ. ಒಂದು ಹಗುರ, ಮಣ್ಣಿಗೆಂದೇ ಮಾಡಿದ್ದು. ಇನ್ನೊಂದು ಸುಮಾರು 200 ಕೆ.ಜಿ ತೂಗುವ, ಹೆದ್ದಾರಿಯ ಜೊತೆಗೆ ಕಚ್ಚಾ ರಸ್ತೆಗೂ ಒಗ್ಗುವಂಥದ್ದು.

ಜಾಹೀರಾತುಗಳಲ್ಲಿ ಕಾಣುವ ಟಾರ್ಕ್ ಸಂಖ್ಯೆಗಳಿಂದ ಗೊಂದಲವಾಗುವುದು ಸಹಜ. ಶಾಕ್‌ವೇವ್‌ಗೆ 505 ನ್ಯೂಟನ್ ಮೀಟರ್ ಎಂದಿದ್ದರೆ ಎಕ್ಸ್47ಗೆ 100 ನ್ಯೂಟನ್ ಮೀಟರ್ ಎಂದಿದೆ. ಹಾಗಾದರೆ ಚಿಕ್ಕ ಬೈಕ್‌ಗೆ ಐದು ಪಟ್ಟು ಬಲವೇ? ಅಲ್ಲ. ಮೊದಲನೆಯದು ಹಿಂಬದಿ ಚಕ್ರದಲ್ಲಿ ಸಿಗುವ ಟಾರ್ಕ್, ಎರಡನೆಯದು ಮೋಟರ್‌ನಲ್ಲಿ ಹುಟ್ಟುವ ಟಾರ್ಕ್. ಮೋಟರ್ ಮತ್ತು ಚಕ್ರದ ನಡುವೆ ವೇಗ ತಗ್ಗಿಸುವ ವ್ಯವಸ್ಥೆ ಇರುತ್ತದೆ. ಅದು ವೇಗವನ್ನು ಎಷ್ಟು ಪಟ್ಟು ಇಳಿಸುತ್ತದೋ ಟಾರ್ಕನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರಿಸುತ್ತದೆ. ಬೈಕ್‌ಗಳನ್ನು ಹೋಲಿಸುವಾಗ ಎರಡೂ ಒಂದೇ ಬಗೆಯ ಸಂಖ್ಯೆಯೇ ಎಂದು ನೋಡಿಕೊಳ್ಳಿ.

ಪೆಟ್ರೋಲ್ ಬೈಕ್ ಜೊತೆಗಿನ ಹೋಲಿಕೆ ಇನ್ನೂ ಸ್ಪಷ್ಟ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೂಡ 40 ಅಶ್ವಶಕ್ತಿಯದೇ. ಆದರೆ ಅದರ 40 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಸಿಗುವುದು ಎಂಜಿನ್ 5,500 ಆರ್‌ಪಿಎಂ ತಲುಪಿದಾಗ. ಎಲೆಕ್ಟ್ರಿಕ್ ಮೋಟರ್ ನಿಂತ ಜಾಗದಲ್ಲೇ ಬಹುಪಾಲು ಟಾರ್ಕ್ ಕೊಡಬಲ್ಲದು. ನಗರದ ಸಿಗ್ನಲ್‌ನಲ್ಲಿ ಇದು ಖುಷಿ ಕೊಡುತ್ತದೆ, ಒದ್ದೆ ಬಂಡೆಯ ಮೇಲೆ ಸ್ಕಿಡ್ ಮಾಡಿಸುತ್ತದೆ.

ಮೊದಲು ಪಳಗಬೇಕಾದ್ದು ಬಲಗೈ

ಪೆಟ್ರೋಲ್ ಬೈಕ್‌ನಲ್ಲಿ ಅನುಭವಿ ಸವಾರರು ಕಷ್ಟದ ಜಾಗದಲ್ಲಿ ಕ್ಲಚ್ ಅರ್ಧ ಹಿಡಿದು, ಬಲವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಎಲೆಕ್ಟ್ರಿಕ್ ಬೈಕ್‌ನಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇಲ್ಲ. ಎಲ್ಲ ನಿಯಂತ್ರಣವೂ ಬಲಗೈ ಮಣಿಕಟ್ಟಿನ ಮೇಲೇ ಬೀಳುತ್ತದೆ. ಬೈಕ್ ಗುಂಡಿಗೆ ಇಳಿದು ದೇಹ ಹಿಂದಕ್ಕೆ ವಾಲಿದರೆ ಕೈ ತಾನಾಗಿಯೇ ಥ್ರಾಟಲ್ ಎಳೆದುಬಿಡುತ್ತದೆ. ಬೈಕ್ ಚಿಮ್ಮುತ್ತದೆ, ದೇಹ ಇನ್ನಷ್ಟು ಹಿಂದೆ ಹೋಗುತ್ತದೆ, ಕೈ ಇನ್ನಷ್ಟು ತಿರುವುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ಹೀಗೆಯೇ.

ಇದನ್ನು ತಪ್ಪಿಸಲು ಮಾಡಬೇಕಾದ್ದು ಇಷ್ಟು:

- ಮೊದಲ ಕೆಲವು ವಾರ ಕಡಿಮೆ ಶಕ್ತಿಯ ರೈಡಿಂಗ್ ಮೋಡ್‌ನಲ್ಲೇ ಓಡಿಸಿ. ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ.
- ಕಷ್ಟದ ಜಾಗದಲ್ಲಿ ಫುಟ್‌ಪೆಗ್ ಮೇಲೆ ನಿಂತು, ಮೊಣಕಾಲಿನಿಂದ ಬೈಕನ್ನು ಒತ್ತಿ ಹಿಡಿಯಿರಿ. ಭಾರ ಕಾಲಿನ ಮೇಲಿದ್ದರೆ ಕೈ ಸಡಿಲವಾಗಿರುತ್ತದೆ.
- ನಿಧಾನ ಸಾಗುವಾಗ ಹಿಂಬದಿ ಬ್ರೇಕ್ ಅನ್ನು ಲಘುವಾಗಿ ಒತ್ತಿಟ್ಟುಕೊಳ್ಳಲು ಕಲಿಯಿರಿ. ಕ್ಲಚ್ ಮಾಡುತ್ತಿದ್ದ ಕೆಲಸವನ್ನು ಭಾಗಶಃ ಇದು ಮಾಡುತ್ತದೆ. ಕೆಲವು ಬೈಕ್‌ಗಳಲ್ಲಿ ಬ್ರೇಕ್ ಒತ್ತಿದರೆ ಮೋಟರ್‌ನ ಬಲ ಕಡಿತವಾಗುತ್ತದೆ. ನಿಮ್ಮ ಬೈಕ್ ಹೇಗೆ ಎಂದು ಸಮತಟ್ಟು ಜಾಗದಲ್ಲಿ ಮೊದಲೇ ನೋಡಿಕೊಳ್ಳಿ.
- ಬೈಕ್ ಇಳಿದು ತಳ್ಳುವಾಗ ಕಿಲ್ ಸ್ವಿಚ್ ಆಫ್ ಮಾಡಿ. ಸದ್ದಿಲ್ಲದ ಕಾರಣ ಬೈಕ್ ಆನ್ ಇರುವುದೇ ಮರೆತುಹೋಗುತ್ತದೆ. ಥ್ರಾಟಲ್‌ಗೆ ಕೈ ತಾಗಿದರೆ ಬೈಕ್ ಓಡಿಹೋಗುತ್ತದೆ.

ಬ್ಯಾಟರಿ ತಿನ್ನುವುದು ಬೆಟ್ಟವಲ್ಲ, ಕೆಸರು

ಎಕ್ಸ್47ನ ದೊಡ್ಡ ಬ್ಯಾಟರಿಗೆ ಕಂಪನಿ ಹೇಳುವ ಐಡಿಸಿ ರೇಂಜ್ 323 ಕಿ.ಮೀ. ಐಡಿಸಿ ಎಂದರೆ ಪ್ರಯೋಗಾಲಯದಲ್ಲಿ ನಿಗದಿತ ಕ್ರಮದಲ್ಲಿ ಓಡಿಸಿ ಅಳೆಯುವ ಲೆಕ್ಕ. ಮಣ್ಣಿನ ಹಾದಿಗೆ ಇದು ಅನ್ವಯಿಸುವುದಿಲ್ಲ.

ಏರು ಹತ್ತಿದರೆ ಬ್ಯಾಟರಿ ಖಾಲಿಯಾಗುತ್ತದೆ ಎಂಬುದು ಹಲವರ ಭಯ. ಒಂದು ಅಂದಾಜು ಲೆಕ್ಕ ನೋಡೋಣ. ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಬೈಕ್, ಸವಾರ, ಸಾಮಾನು ಸೇರಿ 280 ಕೆ.ಜಿ ಎಂದುಕೊಂಡರೆ ಈ 840 ಮೀಟರ್ ಎತ್ತರಕ್ಕೆ ಆ ತೂಕವನ್ನು ಎತ್ತಲು ಬೇಕಾದ ಶಕ್ತಿ ಸುಮಾರು 0.64 ಕಿಲೋವ್ಯಾಟ್ ಅವರ್. ಮೋಟರ್‌ನಲ್ಲಿ ಆಗುವ ನಷ್ಟ ಸೇರಿಸಿದರೂ 10.3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಶೇ 7ರಿಂದ 8ರಷ್ಟು ಮಾತ್ರ. ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ.

ಈಗ ಸಡಿಲ ಮಣ್ಣಿನ ಲೆಕ್ಕ. ಒಳ್ಳೆಯ ಡಾಂಬರಿನಲ್ಲಿ ಚಕ್ರ ಉರುಳಲು ಎದುರಾಗುವ ಪ್ರತಿರೋಧ ಒಟ್ಟು ತೂಕದ ಶೇ 2ರ ಆಸುಪಾಸಿನಲ್ಲಿದ್ದರೆ, ದಪ್ಪ ಮರಳು ಅಥವಾ ಕೆಸರಿನಲ್ಲಿ ಶೇ 15 ಅಥವಾ ಅದಕ್ಕೂ ಹೆಚ್ಚಾಗಬಹುದು. ಅದೇ 280 ಕೆ.ಜಿ ತೂಕಕ್ಕೆ 10 ಕಿ.ಮೀ ಡಾಂಬರಿನಲ್ಲಿ ಈ ಬಾಬ್ತಿಗೆ ಸುಮಾರು 0.15 ಕಿಲೋವ್ಯಾಟ್ ಅವರ್ ಸಾಕು. ಕೆಸರಿನಲ್ಲಿ 1.1 ಕಿಲೋವ್ಯಾಟ್ ಅವರ್ ಬೇಕು. ಅಂದರೆ 10 ಕಿ.ಮೀ ಕೆಸರು ಮುಳ್ಳಯ್ಯನಗಿರಿಯ ಏರಿಗಿಂತ ದುಬಾರಿ. ಚಕ್ರ ಜಾಗದಲ್ಲೇ ತಿರುಗಿ ಪೋಲಾಗುವ ಶಕ್ತಿ ಇದರಲ್ಲಿ ಸೇರಿಲ್ಲ.

ಇನ್ನೊಂದು ಮಾತು. ಪೆಟ್ರೋಲ್ ಮುಗಿದರೆ ಯಾರಾದರೂ ಬಾಟಲಿಯಲ್ಲಿ ತಂದುಕೊಡಬಹುದು, ಚಾರ್ಜ್ ತಂದುಕೊಡಲು ಆಗದು. ಹಳ್ಳಿಯ ಮನೆಯ ಸಾಕೆಟ್‌ನಲ್ಲಿ 1 ಕಿಲೋವ್ಯಾಟ್ ಚಾರ್ಜರ್‌ನಿಂದ 10 ಕಿಲೋವ್ಯಾಟ್ ಅವರ್ ತುಂಬಲು 10 ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ಮೂರು ಪಾಲಿನ ಲೆಕ್ಕ ಇಟ್ಟುಕೊಳ್ಳಿ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಆಪತ್ತಿಗೆ ಒಂದು ಪಾಲು. ಬ್ಯಾಟರಿಯ ಮೂರನೇ ಒಂದು ಭಾಗ ಮುಗಿದ ಕೂಡಲೇ, ಗುರಿ ಮುಟ್ಟಿರದಿದ್ದರೂ, ಬೈಕ್ ತಿರುಗಿಸಿ.

ಎರೆಮಣ್ಣಿನ ಹಾದಿ: ಒಣಗುವವರೆಗೆ ಕಾಯಿರಿ

ದೇಶದ ಮಣ್ಣಿನ ಸಮೀಕ್ಷೆ ಮತ್ತು ನಕ್ಷೆಯ ಕೆಲಸ ಮಾಡುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಾಗ್ಪುರದಲ್ಲೇ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೂ ಇದೆ. ಎರೆಮಣ್ಣಿನಲ್ಲಿ ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿಯ ಅಂಶ ಹೆಚ್ಚು. ಅದಕ್ಕಾಗಿಯೇ ಬೇಸಿಗೆಯಲ್ಲಿ ಹೊಲ ಬಿರುಕು ಬಿಡುತ್ತದೆ, ಮಳೆಗೆ ಅಂಟಾಗುತ್ತದೆ.

ಒದ್ದೆ ಎರೆಮಣ್ಣು ಟೈರ್ ಮತ್ತು ಮಡ್‌ಗಾರ್ಡ್ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಪೆಟ್ರೋಲ್ ಬೈಕ್ ಆದರೆ ಎಂಜಿನ್ ಆಫ್ ಆಗಿ ಎಚ್ಚರಿಕೆ ಕೊಡುತ್ತದೆ. ಎಲೆಕ್ಟ್ರಿಕ್ ಮೋಟರ್ ಹಾಗೆ ಆಫ್ ಆಗುವುದಿಲ್ಲ. ಚಕ್ರ ತಿರುಗದಿದ್ದರೂ ಕರೆಂಟ್ ಎಳೆಯುತ್ತಲೇ ಇರುತ್ತದೆ, ಮೋಟರ್ ಮತ್ತು ಕಂಟ್ರೋಲರ್ ಬಿಸಿಯಾಗುತ್ತವೆ. ಚಕ್ರ ಬಿಗಿದ ಕೂಡಲೇ ಥ್ರಾಟಲ್ ಬಿಟ್ಟು, ಇಳಿದು, ಕೋಲಿನಿಂದ ಮಣ್ಣು ಕೆರೆದು ಮುಂದೆ ಸಾಗಿ. ಮಳೆ ಬಂದ ಮರುದಿನ ಎರೆಹೊಲದ ದಾರಿಗೆ ಇಳಿಯದಿರುವುದೇ ಜಾಣತನ. ರೈತರ ಬಂಡಿದಾರಿಯನ್ನು ಚಕ್ರದಿಂದ ಅಗೆದು ಹಾಳು ಮಾಡಿದರೆ ಅದು ಒಣಗಿ ಗಟ್ಟಿಯಾಗಿ ಅವರಿಗೇ ತೊಂದರೆ ಎಂಬುದೂ ನೆನಪಿರಲಿ.

ಬೇಸಿಗೆಯ ಬಿರುಕುಗಳೂ ಅಪಾಯವೇ. ಬಿರುಕಿನ ಉದ್ದಕ್ಕೆ ಮುಂದಿನ ಚಕ್ರ ಸಿಕ್ಕಿಕೊಂಡರೆ ಹ್ಯಾಂಡಲ್ ತಿರುಗಿಸಲು ಆಗದು. ಅಡ್ಡಲಾಗಿ, ನಿಧಾನವಾಗಿ ದಾಟಿ.

ಬಿಸಿಲಲ್ಲಿ ಬೈಕ್ ಏಕೆ ಸೋಲುತ್ತದೆ?

ಲಿಥಿಯಂ ಬ್ಯಾಟರಿಗೆ ನಮ್ಮಂತೆಯೇ ಹಿತವಾದ ಹವೆ ಬೇಕು. 15ರಿಂದ 35 ಡಿಗ್ರಿ ಅದಕ್ಕೆ ಒಗ್ಗುತ್ತದೆ. ಒಳಗಿನ ಬಿಸಿ ಮಿತಿ ದಾಟಿದರೆ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ತಾನೇ ಶಕ್ತಿಯನ್ನು ಕಡಿತ ಮಾಡುತ್ತದೆ. ಇದು ದೋಷವಲ್ಲ, ಬ್ಯಾಟರಿ ಉಳಿಸುವ ವಿಧಾನ. ಆದರೆ ಕಡಿದಾದ ಏರಿನ ನಡುವೆ ಹೀಗಾದರೆ ಸವಾರನಿಗೆ ಕಷ್ಟ.

ಆಫ್‌ರೋಡ್‌ನಲ್ಲಿ ವೇಗ ಕಡಿಮೆ, ಎಳೆತ ಹೆಚ್ಚು. ಗಾಳಿ ಸಾಲದು, ಬಿಸಿ ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 6ರಿಂದ 9ರೊಳಗೆ ಸವಾರಿ ಮುಗಿಸಿ. ಬೈಕನ್ನು ನೆರಳಲ್ಲಿ ನಿಲ್ಲಿಸಿ. ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಬ್ಯಾಟರಿ ತಣಿಯಲು ಸಮಯ ಕೊಡಿ.

ಹಳ್ಳ ದಾಟಬಹುದೇ?

ಐಪಿ67 ಎಂದು ಬರೆದಿದ್ದರೆ ಹಳ್ಳಕ್ಕೆ ಇಳಿಸಬಹುದು ಎಂದು ಹಲವರು ತಿಳಿಯುತ್ತಾರೆ. ಆ ಪರೀಕ್ಷೆ ನಡೆಯುವುದು 1 ಮೀಟರ್ ಆಳದ ನಿಂತ ನೀರಿನಲ್ಲಿ, 30 ನಿಮಿಷ, ಅದೂ ಹೊಸ ಬಿಡಿಭಾಗದ ಮೇಲೆ. ಹರಿಯುವ ನೀರಿನ ಹೊಡೆತ, ವರ್ಷಗಟ್ಟಲೆ ಅಲುಗಾಡಿ ಸಡಿಲವಾದ ರಬ್ಬರ್ ಸೀಲ್, ಪ್ರೆಷರ್ ವಾಷರ್ ನೀರು ಇವು ಯಾವುವೂ ಆ ಲೆಕ್ಕದಲ್ಲಿಲ್ಲ.

ಮೋಟರ್‌ಗೆ ಗಾಳಿ ಬೇಡವಾದ್ದರಿಂದ ಎಂಜಿನ್ ಒಳಗೆ ನೀರು ಹೊಕ್ಕು ಕೆಡುವ ಸಮಸ್ಯೆ ಇಲ್ಲಿಲ್ಲ ಎಂಬುದು ನಿಜ. ಆದರೂ ಚಕ್ರದ ನಡುವಿನ ಆಕ್ಸಲ್ ಮುಳುಗುವಷ್ಟು ನೀರಿದ್ದರೆ ದಾಟಬೇಡಿ. ಮೊದಲು ನಡೆದು ನೋಡಿ. ನಡೆದು ದಾಟಲು ಆಗದ ಹಳ್ಳವನ್ನು ಬೈಕ್‌ನಲ್ಲಿ ದಾಟುವ ಮಾತೇ ಇಲ್ಲ.

ಇಳಿಜಾರಿನಲ್ಲಿ ಒಂದು ಎಚ್ಚರ

ಥ್ರಾಟಲ್ ಬಿಟ್ಟಾಗ ಮೋಟರ್ ಡೈನಮೊದಂತೆ ಕೆಲಸ ಮಾಡಿ ವೇಗ ತಗ್ಗಿಸುತ್ತದೆ, ಬ್ಯಾಟರಿಗೂ ಸ್ವಲ್ಪ ಚಾರ್ಜ್ ತುಂಬುತ್ತದೆ. ಇದೇ ರೀಜನರೇಟಿವ್ ಬ್ರೇಕಿಂಗ್. ಉದ್ದದ ಇಳಿಜಾರಿನಲ್ಲಿ ಇದು ದೊಡ್ಡ ಸಹಾಯ. ಆದರೆ ಸಡಿಲ ಜಲ್ಲಿಯ ಮೇಲೆ ಇದನ್ನು ಗರಿಷ್ಠ ಮಟ್ಟದಲ್ಲಿ ಇಟ್ಟರೆ ಹಿಂಬದಿ ಚಕ್ರ ಜಾರಬಹುದು. ಮಧ್ಯಮ ಮಟ್ಟ ಸಾಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬ್ಯಾಟರಿ ಶೇ 100 ತುಂಬಿದ್ದರೆ ಹೊಸ ಚಾರ್ಜ್‌ಗೆ ಜಾಗ ಇರುವುದಿಲ್ಲ. ಆಗ ಈ ಬ್ರೇಕಿಂಗ್ ದುರ್ಬಲವಾಗುತ್ತದೆ ಅಥವಾ ಕೆಲಸವೇ ಮಾಡದಿರಬಹುದು. ಬೆಟ್ಟದ ಮೇಲಿನ ಹೋಂಸ್ಟೇನಲ್ಲಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಗ್ಗೆ ಕೆಳಗಿಳಿಯುವವರು ಶೇ 90ಕ್ಕೇ ನಿಲ್ಲಿಸುವುದು ಒಳಿತು.

ಬೈಕ್ ಬಿದ್ದರೆ, ಹೊಗೆ ಬಂದರೆ

2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಬಳಿಕ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಲಾಯಿತು. ಹೊಸ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಕಿಟ್ ಮತ್ತು ಬ್ಯಾಟರಿಗಳಿಗೆ ಈ ಭರವಸೆ ಇರುವುದಿಲ್ಲ.

ಆಫ್‌ರೋಡ್‌ನಲ್ಲಿ ಬ್ಯಾಟರಿ ಪೆಟ್ಟಿಗೆಯ ತಳಭಾಗಕ್ಕೆ ಕಲ್ಲು ಬಡಿಯುವುದು ಸಾಮಾನ್ಯ. ಬಿದ್ದ ಮೇಲೆ ಅಥವಾ ಜೋರಾಗಿ ತಗುಲಿದ ಮೇಲೆ ಬಗ್ಗಿ ನೋಡಿ. ಪೆಟ್ಟಿಗೆ ಜಜ್ಜಿದ್ದರೆ, ರಾಸಾಯನಿಕ ವಾಸನೆ ಬಂದರೆ, ಬುಸುಗುಡುವ ಸದ್ದು ಕೇಳಿದರೆ ದೂರ ಸರಿದು 112ಕ್ಕೆ ಕರೆ ಮಾಡಿ. ಲಿಥಿಯಂ ಬ್ಯಾಟರಿಯ ಬೆಂಕಿ ಆರಿದಂತೆ ಕಂಡರೂ ಗಂಟೆಗಳ ಬಳಿಕ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ತಣಿಸಲು ಭಾರಿ ಪ್ರಮಾಣದ ನೀರು ಬೇಕು. ಈ ಕೆಲಸ ಅಗ್ನಿಶಾಮಕ ಸಿಬ್ಬಂದಿಗೆ ಬಿಡಿ. ಪೆಟ್ಟಾದ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡುವ ಸಾಹಸ ಬೇಡವೇ ಬೇಡ.

ಲೈಸೆನ್ಸ್ ಬೇಕೇ? ಕಾನೂನು ಏನು ಹೇಳುತ್ತದೆ?

‘ಎಲೆಕ್ಟ್ರಿಕ್‌ಗೆ ಲೈಸೆನ್ಸ್, ನೋಂದಣಿ ಬೇಡ’ ಎಂಬ ಮಾತು ಅರ್ಧ ಸತ್ಯ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀಗಿಂತ ಕಡಿಮೆ ಇದ್ದು ಇತರ ಷರತ್ತುಗಳನ್ನೂ ಪೂರೈಸುವ ವಾಹನಕ್ಕೆ ಮಾತ್ರ ಈ ವಿನಾಯಿತಿ. ಅದಕ್ಕಿಂತ ಶಕ್ತಿಯುತವಾದದ್ದು ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ ನೋಂದಣಿ, ಹಸಿರು ನಂಬರ್ ಪ್ಲೇಟ್, ವಿಮೆ, ಚಾಲನಾ ಪರವಾನಗಿ, ಹೆಲ್ಮೆಟ್ ಎಲ್ಲವೂ ಕಡ್ಡಾಯ. ಟ್ರ್ಯಾಕ್‌ಗೆಂದೇ ತಯಾರಾದ, ನೋಂದಣಿಯಾಗದ ಬೈಕ್‌ಗಳನ್ನು ಆವರಣವಿರುವ ಖಾಸಗಿ ಜಾಗದಲ್ಲಷ್ಟೇ ಓಡಿಸಬಹುದು. ಹಳ್ಳಿಯ ಮಣ್ಣಿನ ರಸ್ತೆಯೂ ಸಾರ್ವಜನಿಕ ರಸ್ತೆಯೇ.

ವೇಗದ ಮಿತಿ ತೆಗೆಸುವುದು, ಮೋಟರ್ ಬದಲಿಸುವುದು ಅಕ್ರಮ. ಮೋಟಾರು ವಾಹನ ಕಾಯ್ದೆಯಡಿ ಇಂಥ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಆಗಬಹುದು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಓಡಿಸಿದ ಅಪ್ರಾಪ್ತರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಸದ್ದಿಲ್ಲ ಎಂದರೆ ಕಾಡಿಗೆ ಹೋಗಬಹುದು ಎಂದಲ್ಲ

‘ನಮ್ಮ ಬೈಕ್ ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ, ಪ್ರಾಣಿಗಳಿಗೆ ಏನು ತೊಂದರೆ?’ ಎಂಬ ವಾದ ಕೇಳಿಬರುತ್ತದೆ. ವಾಸ್ತವದಲ್ಲಿ ಸದ್ದಿಲ್ಲದಿರುವುದೇ ಅಪಾಯ. ಎಂಜಿನ್ ಸದ್ದು ದೂರದಿಂದಲೇ ಕೇಳಿಸಿದರೆ ಆನೆ, ಕರಡಿ, ಹುಲಿಗಳು ಸರಿದುಹೋಗಲು ಸಮಯ ಸಿಗುತ್ತದೆ. ಸದ್ದಿಲ್ಲದ ಬೈಕ್ ತಿರುವಿನಲ್ಲಿ ಹಠಾತ್ತನೆ ಎದುರಾದರೆ ಪ್ರಾಣಿ ಬೆಚ್ಚಿ ಮೇಲೆರಗಬಹುದು. ದನಕರು, ಮೇಕೆ ಹಿಂಡು, ತಲೆಯ ಮೇಲೆ ಸೌದೆ ಹೊತ್ತು ಬರುವ ಮಹಿಳೆಯರಿಗೂ ಇದೇ ಅಪಾಯ. ತಿರುವಿನಲ್ಲಿ ವೇಗ ತಗ್ಗಿಸಿ. ಜನ ಓಡಾಡುವ ದಾರಿಯಲ್ಲಿ ಹಾರ್ನ್ ಲಘುವಾಗಿ ಬಳಸಿ.

ಕಾನೂನಂತೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಪ್ರವೇಶಿಸುವಂತಿಲ್ಲ. ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವೂ ಅಪರಾಧ. ಇದರ ಗಂಭೀರತೆ ಅರಿಯಲು ನಾಗ್ಪುರ ಬಳಿಯ ಒಂದು ಪ್ರಕರಣ ಸಾಕು. 2024ರ ಡಿಸೆಂಬರ್ 31ರಂದು ಉಮ್ರೇಡ್–ಪವನಿ–ಕರ್ಹಾಂಡ್ಲಾದಲ್ಲಿ ಎಫ್2 ಎಂಬ ಹೆಣ್ಣುಹುಲಿ ಮತ್ತು ಅದರ ಐದು ಮರಿಗಳ ದಾರಿಯನ್ನು ಸಫಾರಿ ವಾಹನಗಳು ಎರಡೂ ಬದಿಯಿಂದ ಅಡ್ಡಗಟ್ಟಿದ್ದವು. ವಿಡಿಯೋ ವೈರಲ್ ಆದ ಬಳಿಕ ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಅನುಮತಿ ಪಡೆದ ಸಫಾರಿ ವಾಹನಗಳ ಸ್ಥಿತಿಯೇ ಹೀಗಾದರೆ, ಅನುಮತಿ ಇಲ್ಲದೆ ನುಗ್ಗುವ ಬೈಕ್ ಸವಾರನ ಗತಿ ಊಹಿಸಿಕೊಳ್ಳಿ.

ಎಲ್ಲಿ ಕಲಿಯಬಹುದು?

ಸ್ವಂತ ಹೊಲ, ಮಾಲೀಕರ ಒಪ್ಪಿಗೆ ಇರುವ ಖಾಲಿ ಜಾಗ, ಇಲ್ಲವೇ ತರಬೇತಿ ಕೇಂದ್ರ ಇವೇ ಸರಿಯಾದ ಜಾಗಗಳು. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರ ಬಳಿ ಬಿಗ್ ರಾಕ್ ಡರ್ಟ್ ಪಾರ್ಕ್ ಕಟ್ಟಿದ್ದಾರೆ. 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ. ಪೆಟ್ರೋಲ್ ಬೈಕ್‌ನಲ್ಲಿ ಕಲಿತ ದೇಹದ ಸಮತೋಲನ, ಹಾದಿ ನೋಡುವ ಕಣ್ಣು ಎಲೆಕ್ಟ್ರಿಕ್ ಬೈಕ್‌ಗೂ ಬೇಕು.

ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ

- ಐಎಸ್‌ಐ ಗುರುತಿನ ಹೆಲ್ಮೆಟ್, ಮೊಣಕಾಲು ಮತ್ತು ಮೊಣಕೈ ಗಾರ್ಡ್, ಕಣಕಾಲು ಮುಚ್ಚುವ ಬೂಟು, ಗ್ಲೌಸ್.
- ಟೈರ್ ಗಾಳಿ: ಸಡಿಲ ಮಣ್ಣಿಗೆ ತುಸು ತಗ್ಗಿಸಬಹುದು. ಡಾಂಬರಿಗೆ ಮರಳುವ ಮುನ್ನ ತುಂಬಿಸಲು ಚಿಕ್ಕ ಪಂಪ್ ಜೊತೆಗಿರಲಿ.
- ಪಂಕ್ಚರ್ ಕಿಟ್, ಟೋ ಮಾಡಲು ಹಗ್ಗ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಬ್ಬರಿಗೆ ಕನಿಷ್ಠ 3 ಲೀಟರ್ ನೀರು.
- ಮೊಬೈಲ್‌ನಲ್ಲಿ ಆಫ್‌ಲೈನ್ ನಕ್ಷೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯವರಿಗೆ ತಿಳಿಸಿ.
- ಒಬ್ಬರೇ ಹೋಗಬೇಡಿ. 200 ಕೆ.ಜಿ ಬೈಕ್ ಕಾಲಿನ ಮೇಲೆ ಬಿದ್ದರೆ ಎತ್ತಲು ಇನ್ನೊಬ್ಬರು ಬೇಕೇ ಬೇಕು.
- ವಾಪಸಾದ ಮೇಲೆ ಬ್ಯಾಟರಿ ತಳಭಾಗ, ವೈರ್, ಚೈನ್ ಪರೀಕ್ಷಿಸಿ. ತೊಳೆಯುವಾಗ ಕನೆಕ್ಟರ್‌ಗಳಿಗೆ ನೇರವಾಗಿ ನೀರು ಹಾಯಿಸಬೇಡಿ.

ಬೈಕ್‌ನ ಅಶ್ವಶಕ್ತಿ ಎಷ್ಟಿದ್ದರೂ ಟೈರ್‌ಗೆ ಮಣ್ಣಿನ ಮೇಲೆ ಹಿಡಿತ ಸಿಕ್ಕಷ್ಟೇ ಅದು ಪ್ರಯೋಜನಕ್ಕೆ ಬರುತ್ತದೆ. ಹೊಸದಾಗಿ ಬೈಕ್ ಕೊಂಡವರು ಮೊದಲ ತಿಂಗಳು ಕಡಿಮೆ ಮೋಡ್, ಗೊತ್ತಿರುವ ಹಾದಿ, ಬೆಳಗಿನ ತಂಪು ಹೊತ್ತು ಈ ಮೂರನ್ನು ಪಾಲಿಸಿದರೆ ಮುಂದಿನ ಹಾದಿ ತಾನಾಗಿ ಸುಲಭವಾಗುತ್ತದೆ.